ಬೇಡವೆಂದರೂ ಬಿಡದ ಪಟ್ಟ

ಬ್ರಿಸ್ಟಲ್ ಆಗ್ನೇಯ ಕ್ಷೇತ್ರದಲ್ಲಿ 1961ರ ಮೇ 4ರಂದು ನಡೆದ ಉಪಚುನಾವಣೆಯ ಮತದಾರರಿಗೆ ವಿಚಿತ್ರ ಎಚ್ಚರಿಕೆಯೊಂದು ಕಾದಿತ್ತು. ಲೇಬರ್ ಪಕ್ಷದ ಅಭ್ಯರ್ಥಿ ಸಂಸದನಾಗಲು ಅನರ್ಹ, ಅವನಿಗೆ ಹಾಕುವ ಮತ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬರ್ಥದ ನೋಟಿಸುಗಳನ್ನು ಎದುರಾಳಿ ಕನ್ಸರ್ವೇಟಿವ್ ಕಡೆಯವರು ಹೊರಡಿಸಿದ್ದರು. ಮತದಾರರು ಓದಿದರು, ಒಳಗೆ ಹೋದರು, ಅದೇ ಅನರ್ಹ ಅಭ್ಯರ್ಥಿಗೆ ಗುರುತು ಹಾಕಿ ಬಂದರು. ಎಣಿಕೆ ಮುಗಿದಾಗ ಆಂಟನಿ (ಟೋನಿ) ವೆಜ್‌ವುಡ್ ಬೆನ್ ಅವರಿಗೆ 23,275 ಮತಗಳು, ಕನ್ಸರ್ವೇಟಿವ್ ಪಕ್ಷದ ಮಾಲ್ಕಮ್ ಸೇಂಟ್ ಕ್ಲೇರ್ ಅವರಿಗೆ 10,231. ಅಂತರ 13,044.

ನಾಲ್ಕು ದಿನ ಬಿಟ್ಟು, ಮೇ 8ರಂದು ಬೆನ್ ಲಂಡನ್ನಿನ ಹೌಸ್ ಆಫ್ ಕಾಮನ್ಸ್ ಬಾಗಿಲಿಗೆ ಬಂದರು. ಬಾಗಿಲ ಕಾವಲಿನವನು ಮರ್ಯಾದೆಯಿಂದಲೇ ತಡೆದ. ಹತ್ತು ವರ್ಷ ಅದೇ ಬಾಗಿಲಲ್ಲಿ ಓಡಾಡಿದ್ದ ಮನುಷ್ಯನಿಗೆ ಈಗ ಒಳಗೆ ಜಾಗವಿರಲಿಲ್ಲ. ಕಾರಣ, ಅದಕ್ಕೆ ಆರು ತಿಂಗಳ ಹಿಂದೆ, 1960ರ ನವೆಂಬರ್ 17ರಂದು, ಅವರ ತಂದೆ ತೀರಿಕೊಂಡಿದ್ದರು. ತಂದೆ ವೈಕೌಂಟ್ ಸ್ಟ್ಯಾನ್ಸ್‌ಗೇಟ್. ಅವರ ಉಸಿರು ನಿಂತ ಕ್ಷಣದಲ್ಲೇ ಮಗ ಎರಡನೇ ವೈಕೌಂಟ್ ಸ್ಟ್ಯಾನ್ಸ್‌ಗೇಟ್ ಆಗಿಬಿಟ್ಟಿದ್ದ. ಅರ್ಜಿ ಬೇಕಿಲ್ಲ, ಒಪ್ಪಿಗೆ ಬೇಕಿಲ್ಲ. ವಂಶಪಾರಂಪರ್ಯದ ಲಾರ್ಡ್ ಆದವನು ಮೇಲ್ಮನೆಗೆ ಸೇರಿದವನು; ಕೆಳಮನೆಯಲ್ಲಿ ಕೂರುವಂತಿಲ್ಲ.

ಪಟ್ಟಕ್ಕಾಗಿ ಅಣ್ಣತಮ್ಮಂದಿರು ಬಡಿದಾಡಿದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಪಟ್ಟ ಬೇಡವೆಂದು ಕೋರ್ಟು ಕಚೇರಿ ಅಲೆದವನ ಕಥೆ ಇದು.

ಈ ಪಟ್ಟಕ್ಕೆ ಹಳೆಯ ಕೋಟೆ ಕೊತ್ತಲಗಳ ಹಿನ್ನೆಲೆಯೇನೂ ಇರಲಿಲ್ಲ. ತಂದೆ ವಿಲಿಯಂ ವೆಜ್‌ವುಡ್ ಬೆನ್ 1906ರಲ್ಲಿ ಲಿಬರಲ್ ಪಕ್ಷದಿಂದ ಸಂಸತ್ತಿಗೆ ಬಂದವರು. 1927ರಲ್ಲಿ ಲೇಬರ್ ಪಕ್ಷ ಸೇರಿದಾಗ, ಲಿಬರಲ್ ಮತಗಳಿಂದ ಗೆದ್ದ ಸೀಟು ತನ್ನದಲ್ಲವೆಂದು ರಾಜೀನಾಮೆ ಕೊಟ್ಟು, ಮರುವರ್ಷ ಅಬರ್ಡೀನ್‌ನ ಉಪಚುನಾವಣೆಯಲ್ಲಿ ಹೊಸದಾಗಿ ಗೆದ್ದುಬಂದರು. ಪಕ್ಷಾಂತರವೆಂದರೆ ರೆಸಾರ್ಟು ನೆನಪಾಗುವ ಕರ್ನಾಟಕದ ಓದುಗರು ಈ ವಾಕ್ಯವನ್ನು ಎರಡು ಸಲ ಓದಬಹುದು. 1929ರಿಂದ 1931ರವರೆಗೆ ಅವರು ಭಾರತ ವ್ಯವಹಾರಗಳ ಸಚಿವರು. ಭಾರತಕ್ಕೆ ಡೊಮಿನಿಯನ್ ಸ್ಥಾನದ ಮಾತಾಡಿದ ವೈಸರಾಯ್ ಇರ್ವಿನ್ನರ ಘೋಷಣೆ, ಉಪ್ಪಿನ ಸತ್ಯಾಗ್ರಹ, ಮೊದಲ ದುಂಡುಮೇಜಿನ ಪರಿಷತ್ತು ಎಲ್ಲವೂ ಅವರ ಕಾಲದ್ದೇ. ಆ ಪರಿಷತ್ತಿಗೆ ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೂ ಹೋಗಿದ್ದರು. 1931ರಲ್ಲಿ ಗಾಂಧೀಜಿ ಲಂಡನ್ನಿಗೆ ಬಂದಾಗ ಆರು ವರ್ಷದ ಹುಡುಗನಾಗಿದ್ದ ತಾನು ಅವರನ್ನು ಕಂಡದ್ದನ್ನು ಟೋನಿ ಬೆನ್ ಮುಪ್ಪಿನವರೆಗೂ ಹೇಳಿಕೊಳ್ಳುತ್ತಿದ್ದರು.

ವೈಕೌಂಟ್ ಪದವಿ ಬಂದದ್ದು 1942ರಲ್ಲಿ, ಯುದ್ಧದ ನಡುವೆ. ಚರ್ಚಿಲ್ಲರ ಸಂಯುಕ್ತ ಸರ್ಕಾರದಲ್ಲಿ ಲೇಬರ್ ಪಕ್ಷ ಪಾಲುದಾರ. ಆದರೆ ಮೇಲ್ಮನೆಯಲ್ಲಿ ಆ ಪಕ್ಷದ ಪರವಾಗಿ ಮಾತಾಡಲು ಜನವಿಲ್ಲ. ಸಂಖ್ಯೆ ತುಂಬಿಸಲು ಕೆಲವರನ್ನು ಲಾರ್ಡ್ ಮಾಡಬೇಕಿತ್ತು. ಒಬ್ಬರ ಜೀವಿತಾವಧಿಗಷ್ಟೇ ಸಲ್ಲುವ ಪದವಿ ಆಗ ರಾಜಕಾರಣಿಗಳಿಗೆ ಲಭ್ಯವಿರಲಿಲ್ಲ, ಅದರ ಕಾನೂನು ಬಂದದ್ದು 1958ರಲ್ಲಿ. ಹಾಗಾಗಿ ತಂದೆಯ ಕೆಲಸಕ್ಕೆಂದು ಕೊಟ್ಟ ಪದವಿ ಮಕ್ಕಳು ಮೊಮ್ಮಕ್ಕಳಿಗೂ ಅಂಟಿಕೊಂಡಿತು. ಒಪ್ಪಿಕೊಳ್ಳುವ ಮೊದಲು ವಿಲಿಯಂ ಹಿರಿಯ ಮಗ ಮೈಕೇಲನನ್ನು ಕೇಳಿದ್ದರು. ಪಾದ್ರಿಯಾಗುವ ಮನಸ್ಸಿದ್ದ ಅವನಿಗೆ ಆಕ್ಷೇಪವಿರಲಿಲ್ಲ. ಎರಡನೆಯವನಾದ ಟೋನಿಯನ್ನು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. 1944ರ ಜೂನ್‌ನಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಮೈಕೇಲ್ ತೀರಿಕೊಂಡ. ಅಣ್ಣನ ಸಾವಿನ ದುಃಖದ ಜತೆಗೇ ಪಟ್ಟದ ಸರದಿಯೂ ತಮ್ಮನ ಹೆಗಲೇರಿತು.

1950ರ ನವೆಂಬರಿನಲ್ಲಿ, ಇಪ್ಪತ್ತೈದು ವರ್ಷಕ್ಕೆ, ಟೋನಿ ಬೆನ್ ಬ್ರಿಸ್ಟಲ್ ಆಗ್ನೇಯದಿಂದ ಸಂಸದರಾದರು. ಅದುವರೆಗೆ ಅಲ್ಲಿದ್ದವರು ಸ್ಟ್ಯಾಫರ್ಡ್ ಕ್ರಿಪ್ಸ್. 1942ರ ಕ್ರಿಪ್ಸ್ ಆಯೋಗದಿಂದ ನಮ್ಮ ಪಠ್ಯಪುಸ್ತಕಗಳಲ್ಲಿ ಉಳಿದುಕೊಂಡಿರುವ ಅದೇ ಕ್ರಿಪ್ಸ್. ಹೊಸ ಸಂಸದರಿಗೆ ಗೊತ್ತಿತ್ತು, ತನ್ನ ರಾಜಕೀಯದ ಆಯುಸ್ಸು ತಂದೆಯ ಆಯುಸ್ಸಿಗಿಂತ ಒಂದು ದಿನವೂ ಹೆಚ್ಚಿಲ್ಲವೆಂದು. ಎಪ್ಪತ್ತು ದಾಟಿದ ತಂದೆಗೂ ಅದು ಗೊತ್ತಿತ್ತು. 1955ರಲ್ಲಿ, ತಂದೆಯ ಪೂರ್ಣ ಬೆಂಬಲದೊಂದಿಗೆ, ಮುಂದೆ ಬರಲಿರುವ ಪದವಿಯನ್ನು ಈಗಲೇ ಬಿಟ್ಟುಕೊಡಲು ಅವಕಾಶ ಕೇಳಿ ಬೆನ್ ಒಂದು ಖಾಸಗಿ ಮಸೂದೆ ತಂದರು. ಲಾರ್ಡ್‌ಗಳ ಸಮಿತಿ ತಳ್ಳಿಹಾಕಿತು.

ಈ ಸಂಕಟ ಅವರೊಬ್ಬರದೇ ಆಗಿರಲಿಲ್ಲ. ಬಂಗಾಳವನ್ನು ಒಡೆದ ಲಾರ್ಡ್ ಕರ್ಜನ್ ತರುಣ ಸಂಸದನಾಗಿದ್ದಾಗ, 1894ರಲ್ಲಿ, ಪಟ್ಟ ಬಂದವರೂ ಕೆಳಮನೆಯಲ್ಲಿ ಉಳಿಯುವಂತಾಗಬೇಕೆಂದು ಇಂಥದ್ದೇ ಮಸೂದೆ ತಂದು ಸೋತಿದ್ದರು. 1923ರಲ್ಲಿ ಪ್ರಧಾನಿ ಪಟ್ಟ ಕೈಗೆಟುಕುವಷ್ಟು ಹತ್ತಿರ ಬಂದಾಗ ಅರಸ ಐದನೇ ಜಾರ್ಜ್ ಕರ್ಜನ್‌ರನ್ನು ಬಿಟ್ಟು ಬಾಲ್ಡ್ವಿನ್‌ರನ್ನು ಕರೆದರು. ಪ್ರಧಾನಿ ಕೆಳಮನೆಯಲ್ಲಿರಬೇಕೆಂಬುದು ಮುಂದಿಟ್ಟ ಕಾರಣಗಳಲ್ಲೊಂದು. ಇನ್ನು ಕನ್ಸರ್ವೇಟಿವ್ ಪಕ್ಷದ ಕ್ವಿಂಟಿನ್ ಹಾಗ್. 1950ರಲ್ಲಿ ತಂದೆ ತೀರಿಕೊಂಡು ವೈಕೌಂಟ್ ಹೇಲ್ಷಮ್ ಆಗಬೇಕಾಗಿ ಬಂದಾಗ, ಇದರಿಂದ ಪಾರುಮಾಡಿ ಎಂದು ಪ್ರಧಾನಿ ಆಟ್ಲಿಯವರನ್ನು ಕೇಳಿಕೊಂಡರು. ಆಗಲಿಲ್ಲ. ಇವರೆಲ್ಲ ಗೊಣಗುತ್ತ ಮೇಲ್ಮನೆಗೆ ಹೋದರು. ಬೆನ್ ಹೋಗಲಿಲ್ಲ, ಅಷ್ಟೇ ವ್ಯತ್ಯಾಸ.

ತಂದೆಯ ಸಾವಿನ ನಂತರ ಅವರು ಪದವಿ ತ್ಯಾಗದ ಪತ್ರವನ್ನೇ ಬರೆದರು. ಮೇಲ್ಮನೆಗೆ ಬರಬೇಕೆಂಬ ರಾಜಾಜ್ಞೆಯ ಓಲೆಗೆ ಅರ್ಜಿ ಹಾಕಲಿಲ್ಲ. ಓಲೆ ಪಡೆಯದೆ ಒಬ್ಬ ಲಾರ್ಡ್ ಆಗುವುದಿಲ್ಲ, ಆದ್ದರಿಂದ ನಾನಿನ್ನೂ ಸಾಮಾನ್ಯ ಪ್ರಜೆ ಎಂಬುದು ಅವರ ವಾದ. ಕಾಮನ್ಸ್‌ನ ಹಕ್ಕುಬಾಧ್ಯತಾ ಸಮಿತಿ ಒಪ್ಪಲಿಲ್ಲ. ಸದನದ ಮುಂದೆ ಬಂದು ತಮ್ಮ ಅಹವಾಲು ಹೇಳಿಕೊಳ್ಳಲೂ ಬಹುಮತ ಬಿಡಲಿಲ್ಲ. ಸೀಟು ಖಾಲಿಯೆಂದು ಉಪಚುನಾವಣೆ ಘೋಷಣೆಯಾಯಿತು. ಪಟ್ಟ ಬಂದವನು ಸಂಸದನಾಗುವಂತಿಲ್ಲ ನಿಜ, ಆದರೆ ನಾಮಪತ್ರ ಹಾಕಬಾರದೆಂದು ಯಾವ ಕಾನೂನೂ ಹೇಳಿರಲಿಲ್ಲ. ಆ ಸಂದಿಯಲ್ಲಿ ಬೆನ್ ನುಸುಳಿದರು. ಬ್ರಿಸ್ಟಲ್ಲಿನ ಲೇಬರ್ ಕಾರ್ಯಕರ್ತರು ಬೇರೆ ಹೆಸರನ್ನು ಯೋಚಿಸಲೇ ಇಲ್ಲ. ಪಕ್ಷಾತೀತವಾಗಿ ಬೆಂಬಲ ಕೊಟ್ಟವರಲ್ಲಿ ವಿನ್‌ಸ್ಟನ್ ಚರ್ಚಿಲ್ಲರೂ ಒಬ್ಬರು. ಡ್ಯೂಕ್ ಒಬ್ಬರ ಮೊಮ್ಮಗನಾದ ಚರ್ಚಿಲ್ಲರಿಗೆ, ತಮ್ಮ ತಂದೆ ಕಿರಿಯ ಮಗನಾಗಿ ಹುಟ್ಟಿದ್ದರಿಂದಲೇ ತಮಗೆ ಈ ಫಜೀತಿ ತಪ್ಪಿತೆಂಬುದು ಗೊತ್ತಿದ್ದಿರಬೇಕು.

ಮತದಾರರ ತೀರ್ಪು ಬಂದ ಮೇಲೆ ಕೋರ್ಟಿನ ತೀರ್ಪು. ಸೇಂಟ್ ಕ್ಲೇರ್ ಚುನಾವಣಾ ತಕರಾರು ಅರ್ಜಿ ಹಾಕಿದರು. ಇಬ್ಬರು ನ್ಯಾಯಾಧೀಶರ ಪೀಠದ ಮುಂದೆ ಬೆನ್ ವಕೀಲರನ್ನಿಟ್ಟುಕೊಳ್ಳದೆ ತಾವೇ ವಾದಿಸಿದರು. ಹದಿನೇಳನೇ ಶತಮಾನದ ಪ್ರಕರಣಗಳ ಕಡತಗಳು ಮತ್ತೆ ಬಿಚ್ಚಿಕೊಂಡವು. 1961ರ ಜುಲೈ 28ರಂದು ತೀರ್ಪು: ಪದವಿ ರಕ್ತದಲ್ಲಿ ಇಳಿದುಬರುವಂಥದ್ದು, ಬಿಡಲು ಬರುವುದಿಲ್ಲ, ಅಭ್ಯರ್ಥಿಯ ಅನರ್ಹತೆ ಮತದಾರರಿಗೆ ಮೊದಲೇ ಗೊತ್ತಿತ್ತು, ಆದ್ದರಿಂದ ಅವರ ಮತಗಳು ಹಾಳಾದ ಮತಗಳು, ಗೆದ್ದವರು ಸೇಂಟ್ ಕ್ಲೇರ್. ಊರಿಗೆಲ್ಲ ಹೊರಡಿಸಿದ್ದ ಆ ನೋಟಿಸುಗಳು ಕೆಲಸ ಮಾಡಿದ್ದು ಹೀಗೆ. ಖರ್ಚಿನ ಸಾವಿರಾರು ಪೌಂಡ್ ಬೆನ್ ತಲೆಗೆ ಬಂತು. ಎಲ್ಲಕ್ಕಿಂತ ತಮಾಷೆಯೆಂದರೆ ಸೇಂಟ್ ಕ್ಲೇರ್ ಅವರೂ ಸ್ಕಾಟ್ಲೆಂಡಿನ ಲಾರ್ಡ್ ಸಿಂಕ್ಲೇರ್ ಪದವಿಗೆ ಸರದಿಯಲ್ಲಿದ್ದವರೇ. ಭಾವೀ ಲಾರ್ಡ್ ಒಬ್ಬರು ಒಲ್ಲದ ಲಾರ್ಡ್ ಒಬ್ಬರನ್ನು ಲಾರ್ಡ್ ಎಂಬ ಕಾರಣಕ್ಕೆ ಹೊರಗೆ ಹಾಕಿ ಕೆಳಮನೆಯಲ್ಲಿ ಕೂತರು.

ಇಷ್ಟಾದ ಮೇಲೆ ಸರ್ಕಾರಕ್ಕೂ ಮುಜುಗರ. ಹದಿಮೂರು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತವನು ಸದನದಲ್ಲಿರುವುದನ್ನು ಸಮರ್ಥಿಸುವುದು ಯಾರಿಗೂ ಸುಲಭವಿರಲಿಲ್ಲ. ಎರಡೂ ಸದನಗಳ ಜಂಟಿ ಸಮಿತಿ ಕೂತು, ಕೊನೆಗೆ 1963ರಲ್ಲಿ ಮಸೂದೆ ಬಂತು. ಪಟ್ಟ ಬಂದ ಹನ್ನೆರಡು ತಿಂಗಳೊಳಗೆ, ಆಗಲೇ ಸಂಸದನಾಗಿದ್ದರೆ ಒಂದೇ ತಿಂಗಳೊಳಗೆ, ಅದನ್ನು ತ್ಯಜಿಸಬಹುದು. ತ್ಯಾಗ ಆ ವ್ಯಕ್ತಿಯ ಜೀವಮಾನಕ್ಕಷ್ಟೇ. ಸತ್ತ ಮೇಲೆ ಪದವಿ ಮತ್ತೆ ಮುಂದಿನ ವಾರಸುದಾರನಿಗೆ. ಇದೇ ಕಾನೂನು ವಂಶಪಾರಂಪರ್ಯ ಪದವಿಯಿದ್ದ ಹೆಂಗಸರಿಗೂ ಮೇಲ್ಮನೆಯಲ್ಲಿ ಕೂರುವ ಹಕ್ಕು ಕೊಟ್ಟಿತು, ಬೆನ್ ಗಲಾಟೆಯ ಸದ್ದಿನಲ್ಲಿ ಅದು ಯಾರ ಕಿವಿಗೂ ಅಷ್ಟಾಗಿ ಬೀಳಲಿಲ್ಲ.

ಮುಂದಿನ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಇದು ಜಾರಿಯಾಗಲಿ ಎಂದು ಸರ್ಕಾರ ಬಯಸಿತ್ತು. ಲಾರ್ಡ್‌ಗಳು ತಿದ್ದುಪಡಿ ತಂದು, ರಾಣಿಯ ಅಂಕಿತ ಬಿದ್ದ ಕೂಡಲೇ ಜಾರಿ ಎಂದು ಮಾಡಿದರು. ಆಗ ಅದು ಬರೀ ದಿನಾಂಕದ ಮಾತಾಗಿ ಕಂಡಿತು. ಮೂರೇ ತಿಂಗಳಲ್ಲಿ ಆ ತಿದ್ದುಪಡಿ ಬ್ರಿಟನ್ನಿನ ಪ್ರಧಾನಿ ಯಾರೆಂಬುದನ್ನೇ ತೀರ್ಮಾನಿಸಿತು.

1963ರ ಜುಲೈ 31ರ ಸಂಜೆ ಆರರ ಸುಮಾರಿಗೆ ಅಂಕಿತ ಬಿತ್ತು. 6.22ಕ್ಕೆ ಬೆನ್ ತ್ಯಾಗಪತ್ರ ಸಲ್ಲಿಸಿ, ಆ ಕಾನೂನಿನಡಿ ಪದವಿ ಬಿಟ್ಟ ಮೊದಲಿಗರಾದರು. ಸೇಂಟ್ ಕ್ಲೇರ್ ಮಾತಿಗೆ ತಪ್ಪಲಿಲ್ಲ. ಕಾನೂನು ಬದಲಾದರೆ ಜಾಗ ಬಿಡುತ್ತೇನೆಂದಿದ್ದವರು ಹಾಗೆಯೇ ಬಿಟ್ಟುಕೊಟ್ಟರು. ಆಗಸ್ಟ್ 20ರ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ ಅಭ್ಯರ್ಥಿಯನ್ನೇ ನಿಲ್ಲಿಸಲಿಲ್ಲ, ಬೆನ್ ಗೆದ್ದರು.

ಆ ಬೇಸಿಗೆಯಲ್ಲಿ ಬ್ರಿಸ್ಟಲ್ ಬೇರೊಂದು ಜಗಳಕ್ಕೂ ಸುದ್ದಿಯಲ್ಲಿತ್ತು. ಊರಿನ ಬಸ್ ಕಂಪನಿ ಕರಿಯರನ್ನೂ ಏಷ್ಯಾದವರನ್ನೂ ಕಂಡಕ್ಟರ್, ಡ್ರೈವರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಪಾಲ್ ಸ್ಟೀಫನ್ಸನ್ ಮತ್ತು ಕೆರಿಬಿಯನ್ ಮೂಲದ ಗೆಳೆಯರು ಬಸ್ ಬಹಿಷ್ಕಾರಕ್ಕೆ ಕರೆಕೊಟ್ಟರು. ಸದನದಿಂದ ಹೊರಗಿದ್ದ ಬೆನ್ ಬಹಿರಂಗವಾಗಿ ಅವರ ಪರ ನಿಂತರು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ಬಿಳಿಯನಲ್ಲದ ಕಂಡಕ್ಟರ್ ರಘಬೀರ್ ಸಿಂಗ್ ಎಂಬ ಸಿಖ್. ಹುಟ್ಟಿನಿಂದ ಬಂದ ಅನರ್ಹತೆ ಎಂದರೇನೆಂಬುದು ಆ ವರ್ಷ ಬ್ರಿಸ್ಟಲ್ಲಿಗೆ ಎರಡು ತುದಿಗಳಿಂದಲೂ ಕಂಡಿತ್ತು, ಒಂದು ತುದಿಯ ನೋವು ಇನ್ನೊಂದಕ್ಕೆ ಹೋಲಿಸಲಾಗದಷ್ಟು ದೊಡ್ಡದಾಗಿದ್ದರೂ.

ಅಕ್ಟೋಬರ್ ಬಂತು. ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಆಸ್ಪತ್ರೆ ಸೇರಿದರು. ಬ್ಲ್ಯಾಕ್‌ಪೂಲ್‌ನಲ್ಲಿ ನೆರೆದಿದ್ದ ಕನ್ಸರ್ವೇಟಿವ್ ಸಮಾವೇಶಕ್ಕೆ ಅವರ ರಾಜೀನಾಮೆಯ ಸುದ್ದಿ ತಲುಪಿತು. ಅದೇ ಸಂಜೆ ಹೇಲ್ಷಮ್ ಎದ್ದು, ಪಟ್ಟ ಬಿಟ್ಟು ಕೆಳಮನೆಗೆ ನಿಲ್ಲುತ್ತೇನೆಂದು ಘೋಷಿಸಿದರು. ಹದಿಮೂರು ವರ್ಷ ಕಾದಿದ್ದ ಅವಸರ ಮುಖದಲ್ಲೇ ಕಾಣುತ್ತಿತ್ತೇನೋ, ಪಕ್ಷದ ಹಿರಿಯರಿಗೆ ಅದು ಹಿಡಿಸಲಿಲ್ಲ. ಮ್ಯಾಕ್‌ಮಿಲನ್‌ರ ಪತ್ರವನ್ನು ಸಮಾವೇಶದಲ್ಲಿ ಓದಿದ್ದ ವಿದೇಶಾಂಗ ಸಚಿವರು ಮಾತ್ರ ಸದ್ದಿಲ್ಲದೆ ಮುಂದೆ ಸಾಗಿದರು. ಅವರು ಹ್ಯೂಮ್ ಮನೆತನದ ಹದಿನಾಲ್ಕನೇ ಅರ್ಲ್. ಅಕ್ಟೋಬರ್ 19ಕ್ಕೆ ಪ್ರಧಾನಿಯಾದರು, 23ಕ್ಕೆ ಪಟ್ಟ ತ್ಯಜಿಸಿ ಬರೀ ಸರ್ ಅಲೆಕ್ ಡಗ್ಲಸ್-ಹ್ಯೂಮ್ ಆದರು, ನವೆಂಬರ್ 7ರಂದು ಸ್ಕಾಟ್ಲೆಂಡಿನ ಕಿನ್ರಾಸ್ ಮತ್ತು ಪಶ್ಚಿಮ ಪರ್ತ್‌ಶೈರ್ ಉಪಚುನಾವಣೆಯಲ್ಲಿ ಗೆದ್ದರು. ನಡುವಿನ ಹದಿನೈದು ದಿನ ಬ್ರಿಟನ್ನಿನ ಪ್ರಧಾನಿ ಎರಡೂ ಮನೆಗಳಲ್ಲಿ ಇರಲಿಲ್ಲ. ಹದಿನಾಲ್ಕನೇ ಅರ್ಲ್ ಎಂದು ವಿರೋಧಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ಹಂಗಿಸಿದಾಗ, ಯೋಚಿಸಿ ನೋಡಿದರೆ ವಿಲ್ಸನ್ ಕೂಡ ಹದಿನಾಲ್ಕನೇ ಮಿಸ್ಟರ್ ವಿಲ್ಸನ್ನೇ ಇರಬೇಕಲ್ಲ ಎಂದು ಹ್ಯೂಮ್ ತಣ್ಣಗೆ ತಿರುಗೇಟು ಕೊಟ್ಟರು.

ಬೆನ್ ಸವೆಸಿದ ದಾರಿಯಲ್ಲಿ ಮೊದಲು ಸವಾರಿ ಹೋದವರು ಹೀಗೆ ಅವರ ಎದುರಾಳಿಗಳು. ಸರ್ಕಾರದ ಮೂಲ ಮಸೂದೆಯೇ ಉಳಿದಿದ್ದರೆ ಹ್ಯೂಮ್ ಪ್ರಧಾನಿಯಾಗುವುದು ಸಾಧ್ಯವೇ ಇರಲಿಲ್ಲ. ಹಾಗೆ ನೋಡಿದರೆ ಹ್ಯೂಮ್, ಹೇಲ್ಷಮ್ ಇಬ್ಬರೂ ಎಪ್ಪತ್ತರ ದಶಕದಲ್ಲಿ ಜೀವಿತಾವಧಿಯ ಲಾರ್ಡ್‌ಗಳಾಗಿ ಮೇಲ್ಮನೆಗೇ ಮರಳಿದರು. ಅವರಿಗೆ ಪಟ್ಟ ಕೆಲಸಕ್ಕೆ ಅಡ್ಡಬಂದ ಮೇಲಂಗಿ. ತೆಗೆದಿಟ್ಟು ಮತ್ತೆ ಹಾಕಿಕೊಂಡರು. ಬೆನ್ ಹಾಕಿಕೊಳ್ಳಲಿಲ್ಲ.

1964ರ ಅಕ್ಟೋಬರ್ ಚುನಾವಣೆಯಲ್ಲಿ ಲೇಬರ್ ಪಕ್ಷ ಕೂದಲೆಳೆಯಷ್ಟು ಬಹುಮತದಿಂದ ಅಧಿಕಾರಕ್ಕೆ ಬಂದು ಬೆನ್ ಪೋಸ್ಟ್‌ಮಾಸ್ಟರ್ ಜನರಲ್ ಆದರು. 1840ರ ಪೆನ್ನಿ ಬ್ಲ್ಯಾಕ್ ಕಾಲದಿಂದ ಬ್ರಿಟಿಷ್ ಅಂಚೆಚೀಟಿಗಳ ಮೇಲೆ ಅರಸರ ಮುಖವೇ ಮುದ್ರೆ, ದೇಶದ ಹೆಸರು ಇಲ್ಲ. ಆ ಮುಖ ಕೂರಿಸುವುದರಿಂದ ಚಿತ್ರಕ್ಕೆ ಜಾಗವೇ ಉಳಿಯುವುದಿಲ್ಲವೆಂದು ಕಲಾವಿದ ಡೇವಿಡ್ ಜೆಂಟಲ್‌ಮನ್ ಬರೆದ ಪತ್ರ ಬೆನ್‌ಗೆ ಸರಿಯಾದ ನೆಪವಾಯಿತು. 1965ರ ಮಾರ್ಚ್‌ನಲ್ಲಿ ಅರಮನೆಗೆ ಹೋದ ಸಚಿವರು ಮೊಣಕಾಲೂರಿ ಕೂತು, ರಾಣಿಯ ಮುಖವಿಲ್ಲದ ಮಾದರಿ ಚೀಟಿಗಳನ್ನು ನೆಲದ ಮೇಲೆ ಒಂದೊಂದಾಗಿ ಹರಡಿ ತೋರಿಸಿದರು. ಎಲಿಜಬೆತ್ ನಗುನಗುತ್ತಲೇ ನೋಡಿದರು. ಬೆನ್ ಗೆದ್ದೆನೆಂದುಕೊಂಡು ಹೊರಬಂದರು. ಆಮೇಲೆ ಅರಮನೆಯ ಇಂಗಿತ ಪ್ರಧಾನಿ ಕಚೇರಿಯ ಮೂಲಕ ತಲುಪಿತು: ಮುಖ ಇರಬೇಕು. ಕೊನೆಗೆ ಮೂಲೆಯಲ್ಲೊಂದು ಪುಟ್ಟ ಮುಖಛಾಯೆಯಿಟ್ಟು ರಾಜಿಯಾಯಿತು. ಪುರಾತನ ಸಂಸ್ಥೆಗಳು ಜಗಳವಾಡದೆಯೇ ಹೇಗೆ ಗೆಲ್ಲುತ್ತವೆಂಬುದನ್ನು ಬೆನ್ ಅಲ್ಲಿ ಕಲಿತಂತೆ ಕೋರ್ಟಿನಲ್ಲೂ ಕಲಿತಿರಲಿಕ್ಕಿಲ್ಲ.

ಮುಂದೆ ತಂತ್ರಜ್ಞಾನ ಸಚಿವ, ಕೈಗಾರಿಕೆ, ಇಂಧನ. 1967ರ ಡಿಸೆಂಬರಿನಲ್ಲಿ ಟೂಲೂಸ್‌ನಲ್ಲಿ ಕಾನ್‌ಕಾರ್ಡ್ ವಿಮಾನ ಹ್ಯಾಂಗರಿನಿಂದ ಹೊರಬಂದಾಗ, ಬ್ರಿಟಿಷರು ಹಠದಿಂದ ಕಿತ್ತುಹಾಕಿದ್ದ ಫ್ರೆಂಚ್ ಕೊನೆಯಕ್ಷರವನ್ನು ಹೆಸರಿಗೆ ಮರಳಿ ಸೇರಿಸಿದವರು ಅವರೇ. ಸಾಮಾನ್ಯವಾಗಿ ಅಧಿಕಾರ ಕಂಡ ರಾಜಕಾರಣಿ ವಯಸ್ಸಾದಂತೆ ಮೆತ್ತಗಾಗುತ್ತಾನೆ. ಬೆನ್ ಉಲ್ಟಾ, ಎಡಕ್ಕೆ ಎಡಕ್ಕೆ ಸರಿಯುತ್ತ ಹೋದರು. 1973ರಲ್ಲಿ ವೆಜ್‌ವುಡ್ ಎಂಬ ಗತ್ತಿನ ನಡುಹೆಸರನ್ನೂ ಕಳಚಿ, ಇನ್ನು ಟೋನಿ ಬೆನ್ ಸಾಕು ಎಂದರು. ಪೈಪು, ದೊಡ್ಡ ಮಗ್ಗಿನ ತುಂಬ ಚಹಾ, ರಾತ್ರಿ ತಪ್ಪದೆ ಟೇಪ್ ರೆಕಾರ್ಡರಿಗೆ ಹೇಳುವ ದಿನಚರಿ. ವಿರೋಧಿ ಪತ್ರಿಕೆಗಳಿಗೆ ಅವರೊಬ್ಬ ಅಪಾಯಕಾರಿ ಹುಚ್ಚ. 1981ರಲ್ಲಿ ಲೇಬರ್ ಪಕ್ಷದ ಉಪನಾಯಕ ಸ್ಥಾನಕ್ಕೆ ಡೆನಿಸ್ ಹೀಲಿ ವಿರುದ್ಧ ನಿಂತು ಶೇ 1ಕ್ಕೂ ಕಡಿಮೆ ಅಂತರದಲ್ಲಿ ಸೋತರು. ಪಕ್ಷವನ್ನು ಒಡೆದ ಆರೋಪ ಹೊತ್ತರು, ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. 1983ರಲ್ಲಿ ಕ್ಷೇತ್ರ ಪುನರ್ವಿಂಗಡಣೆಯಾಗಿ ಬ್ರಿಸ್ಟಲ್ ಅವರ ಕೈಬಿಟ್ಟಿತು. ಪಕ್ಷದ ನಾಯಕನ ಆಯ್ಕೆ ನಡೆದಾಗ ಅವರು ಸಂಸದರಾಗಿರಲಿಲ್ಲ, ಸ್ಪರ್ಧಿಸುವಂತಿರಲಿಲ್ಲ. ಮರುವರ್ಷ ಚೆಸ್ಟರ್‌ಫೀಲ್ಡ್‌ನಿಂದ ಮರಳಿದರು, 2001ರವರೆಗೆ ಉಳಿದರು.

ಸಂಸತ್ ಭವನದ ಮೇಲೆ ಅವರಿಗಿದ್ದದ್ದು ಮೋಹವೋ ಸಿಟ್ಟೋ ಹೇಳುವುದು ಕಷ್ಟ. 1911ರ ಜನಗಣತಿಯ ರಾತ್ರಿ ಮಹಿಳಾ ಮತದಾನದ ಹೋರಾಟಗಾರ್ತಿ ಎಮಿಲಿ ವೈಲ್ಡಿಂಗ್ ಡೇವಿಸನ್ ಸಂಸತ್ತಿನ ನೆಲಮನೆ ಚಾಪೆಲ್ಲಿನ ಪೊರಕೆ ಕೋಣೆಯಲ್ಲಿ ಅಡಗಿ ಕೂತಿದ್ದರು, ವಿಳಾಸದ ಜಾಗದಲ್ಲಿ ಹೌಸ್ ಆಫ್ ಕಾಮನ್ಸ್ ಎಂದು ಬರಲಿ ಎಂದು. ಅದಕ್ಕೊಂದು ಗುರುತಿರಬೇಕೆಂದು ಬೆನ್ 1991ರಲ್ಲಿ ತಾವೇ ಫಲಕ ತಂದು, ತಾವೇ ಸ್ಕ್ರೂ ತಿರುಗಿಸಿ ಆ ಕೋಣೆಯಲ್ಲಿ ಹಾಕಿದರು. ಅದೇ ವರ್ಷ ಅರಸೊತ್ತಿಗೆಯನ್ನೂ ಹೌಸ್ ಆಫ್ ಲಾರ್ಡ್ಸ್ ಅನ್ನೂ ತೆಗೆದುಹಾಕುವ ಮಸೂದೆಯನ್ನೂ ಮಂಡಿಸಿದರು. ಅದು ಎಲ್ಲಿಗೂ ಹೋಗಲಿಲ್ಲ. 2014ರ ಮಾರ್ಚ್ 14ರಂದು ಅವರು ತೀರಿಕೊಂಡಾಗ, ಅಂತ್ಯಕ್ರಿಯೆಯ ಹಿಂದಿನ ರಾತ್ರಿ ಶವಪೆಟ್ಟಿಗೆ ಇಟ್ಟದ್ದು ಆ ನೆಲಮನೆ ಚಾಪೆಲ್ಲಿನಲ್ಲೇ. ಅದಕ್ಕೆ ರಾಣಿಯ ಒಪ್ಪಿಗೆ ಬೇಕಿತ್ತು, ಸಿಕ್ಕಿತು.

1963ರ ಕಾನೂನಿನಡಿ ಪದವಿ ಬಿಟ್ಟವರು ಇಷ್ಟು ವರ್ಷಗಳಲ್ಲಿ ಇಪ್ಪತ್ತು ಮಂದಿಯೂ ಇಲ್ಲ. 1999ರಲ್ಲಿ ಟೋನಿ ಬ್ಲೇರ್ ಸರ್ಕಾರ ವಂಶಪಾರಂಪರ್ಯದ ಲಾರ್ಡ್‌ಗಳನ್ನು ಹೊರಗೆ ಕಳಿಸಿದಾಗ, ರಾಜಿಯ ಫಲವಾಗಿ 92 ಜನ ಉಳಿದರು. ಒಬ್ಬರು ಸತ್ತರೆ ಉಳಿದ ಲಾರ್ಡ್‌ಗಳು ಉಪಚುನಾವಣೆ ನಡೆಸಿ ಜಾಗ ತುಂಬುವ ಪದ್ಧತಿ ಬಂತು. 2016ರಲ್ಲಿ ಒಂದು ಸ್ಥಾನಕ್ಕೆ ಏಳು ಅಭ್ಯರ್ಥಿಗಳು, ಮತದಾರರು ಮೂವರು.

ಬೆನ್ ಮನೆತನ ಈ ಕಥೆಯಿಂದ ಹೊರಬಿದ್ದಿಲ್ಲ. ಟೋನಿಯ ಇಬ್ಬರು ಅಜ್ಜಂದಿರೂ ಸಂಸದರು, ತಂದೆ ಸಂಸದ, ಎರಡನೇ ಮಗ ಹಿಲರಿ 1999ರಿಂದ ಸಂಸದ. ಪಟ್ಟವಿಲ್ಲದ ಈ ಬಳುವಳಿಯನ್ನು ತಡೆಯುವ ಕಾನೂನು ಬ್ರಿಟನ್ನಿನಲ್ಲಿ ಇಲ್ಲ, ಮತದಾರರು ಪ್ರತಿಸಲ ಒಪ್ಪಿಗೆ ಕೊಡಬೇಕು ಅನ್ನುವುದನ್ನು ಬಿಟ್ಟರೆ. ತಂದೆ ಅರ್ಧ ಶತಮಾನ ಅಟ್ಟದ ಮೇಲಿಟ್ಟಿದ್ದ ಪದವಿ 2014ರಲ್ಲಿ ಹಿರಿಯ ಮಗ ಸ್ಟೀಫನ್‌ಗೆ ಇಳಿಯಿತು. ಅವರು ಬೇಡವೆನ್ನಲಿಲ್ಲ. ಮೂರನೇ ವೈಕೌಂಟ್ ಸ್ಟ್ಯಾನ್ಸ್‌ಗೇಟ್ ಆಗಿ 2021ರ ಜುಲೈನಲ್ಲಿ ಲೇಬರ್ ಪಕ್ಷದ ಖಾಲಿ ಸ್ಥಾನವೊಂದಕ್ಕೆ ಅವಿರೋಧವಾಗಿ ಆಯ್ಕೆಯಾಗಿ ಮೇಲ್ಮನೆ ಸೇರಿದರು. 2024ರ ಸೆಪ್ಟೆಂಬರಿನಲ್ಲಿ ಲೇಬರ್ ಸರ್ಕಾರ ಆ 92 ಸ್ಥಾನಗಳನ್ನೂ ತೆಗೆಯುವ ಮಸೂದೆ ಮಂಡಿಸಿದಾಗ ತಮ್ಮ ಹಿಲರಿ ಅದೇ ಸರ್ಕಾರದ ಸಂಪುಟದಲ್ಲಿದ್ದರು, ಅಣ್ಣ ಸ್ಟೀಫನ್ ಮಸೂದೆ ಹೊರಗೆ ಕಳಿಸಬೇಕೆಂದಿದ್ದ ಲಾರ್ಡ್‌ಗಳ ಸಾಲಿನಲ್ಲಿ.